ಸೆರೆಮನೆಯ ಬಾಗಿಲು ತೆರೆಸಿದ ಗವರ್ನರ್

ಅಧಿಕಾರವನ್ನು ಗಳಿಸುವುದು ಕಷ್ಟ; ಗಳಿಸಿದುದನ್ನು ಉಳಿಸಿಕೊಳ್ಳುವುದು ಇನ್ನೂ ಕಷ್ಟ. ಕೈಯಲ್ಲಿರುವ ಅಧಿಕಾರವನ್ನು ಕಾಲವರಿತು ಅದರ ನಿಜವಾದ ಹಕ್ಕುದಾರರಿಗೆ ಒಪ್ಪಿಸಿ ಹೊರಟುಹೋಗುವುದು ಎಲ್ಲಕ್ಕಿಂತ ಕಷ್ಟ. ರಾಜ್ಯಗಳನ್ನು ಗೆದ್ದವರ ಹೆಸರುಗಳು ಇತಿಹಾಸದಲ್ಲಿ ಸಾವಿರಾರು ಇವೆ. ರಾಜ್ಯವನ್ನು ಶಾಂತಿಯಿಂದ ಬಿಟ್ಟುಕೊಟ್ಟವರ ಹೆಸರುಗಳು ಕೆಲವೇ. ಅಂಥವರಲ್ಲಿ ಒಬ್ಬನು ಸರ್ ಚಾರ್ಲ್ಸ್ ಆರ್ಡನ್-ಕ್ಲಾರ್ಕ್. ಪಶ್ಚಿಮ ಆಫ್ರಿಕದಲ್ಲಿ ಗೋಲ್ಡ್ ಕೋಸ್ಟ್ ಎಂಬ ಬ್ರಿಟಿಷ್ ವಸಾಹತಿಗೆ ಆತನು ಕೊನೆಯ ಗವರ್ನರ್. ಆ ನಾಡು ಇಂದು ಘಾನಾ ಎಂಬ ಸ್ವತಂತ್ರ ರಾಷ್ಟ್ರವಾಗಿದೆ. ತಾನೇ ಸೆರೆಯಲ್ಲಿರಿಸಿದ್ದ ನಾಯಕನನ್ನು ತಾನೇ ಬಿಡುಗಡೆ ಮಾಡಿ, ಅವನ ಕೈಗೆ ಸರ್ಕಾರವನ್ನು ಒಪ್ಪಿಸಿದ ಈ ಆಡಳಿತಗಾರನ ಬಾಳು ನಾವು ತಿಳಿದುಕೊಳ್ಳಬೇಕಾದದ್ದು.

ಚಾರ್ಲ್ಸ್ ನೋಬಲ್ ಆರ್ಡನ್-ಕ್ಲಾರ್ಕ್ ಹುಟ್ಟಿದುದು 1898ರಲ್ಲಿ. ತಂದೆ ಕ್ರೈಸ್ತ ಪಾದ್ರಿ. ಮಗನ ಶಿಕ್ಷಣ ಇಂಗ್ಲೆಂಡಿನ ರಾಸಲ್ ಶಾಲೆಯಲ್ಲಿ ನಡೆಯಿತು. ಶಾಲೆಯನ್ನು ಬಿಡುವ ಹೊತ್ತಿಗೆ ಮೊದಲನೆಯ ಮಹಾಯುದ್ಧವು ಯೂರೋಪನ್ನೆಲ್ಲ ಆವರಿಸಿತ್ತು. ಆ ತಲೆಮಾರಿನ ಅಸಂಖ್ಯ ತರುಣರಂತೆ ಆತನೂ ಸೈನ್ಯವನ್ನು ಸೇರಿದನು. ಯುದ್ಧ ಮುಗಿದ ಮೇಲೆ, 1920ರಲ್ಲಿ, ನೈಜೀರಿಯದ ಆಡಳಿತ ಸೇವೆಗೆ ಸೇರಿ ಆಫ್ರಿಕದ ನೆಲದ ಮೇಲೆ ಕಾಲಿಟ್ಟನು. ಆಗ ಆತನಿಗೆ ಇಪ್ಪತ್ತೆರಡು ವರ್ಷ.

ಬ್ರಿಟಿಷ್ ಸಾಮ್ರಾಜ್ಯದ ವಿಸ್ತಾರವು ಅತ್ಯಂತ ಹೆಚ್ಚಾಗಿದ್ದ ಕಾಲವದು. ಈ ಆಳ್ವಿಕೆ ಇನ್ನೂ ನೂರಾರು ವರ್ಷ ನಡೆಯುವುದೆಂದೇ ಅನೇಕರು ನಂಬಿದ್ದರು. ಉತ್ತರ ನೈಜೀರಿಯದಲ್ಲಿ ಬ್ರಿಟಿಷರು ಪರೋಕ್ಷ ಆಡಳಿತ ಎಂಬ ಪದ್ಧತಿಯನ್ನು ಅನುಸರಿಸುತ್ತಿದ್ದರು. ನಾಡಿನ ಎಮೀರರೂ ಮುಖಂಡರೂ ತಮ್ಮ ಗದ್ದುಗೆಗಳಲ್ಲಿಯೇ ಇರುತ್ತಿದ್ದರು. ಕಂದಾಯ, ನ್ಯಾಯ, ಶಾಂತಿಪಾಲನೆ ಇವೆಲ್ಲ ಅವರ ಹೆಸರಿನಲ್ಲಿ ನಡೆಯುತ್ತಿದ್ದವು. ಅವರ ಬೆನ್ನ ಹಿಂದೆ ನಿಂತು ಸಲಹೆ ನೀಡುವವನು, ಬೇಕಾದಾಗ ತಡೆಯುವವನು, ಬ್ರಿಟಿಷ್ ಅಧಿಕಾರಿ. ಹದಿನಾರು ವರ್ಷಗಳ ಕಾಲ ಆರ್ಡನ್-ಕ್ಲಾರ್ಕನು ಈ ಪದ್ಧತಿಯಲ್ಲಿ ಪಳಗಿದನು. ಒಂದು ಸಮಾಜವನ್ನು ಹೊರಗಿನವರು ಬಲದಿಂದ ಮಾತ್ರ ಆಳಲಾರರು, ಅಲ್ಲಿಯ ಜನರ ಸಮ್ಮತಿಯಿಲ್ಲದೆ ಯಾವ ಆಜ್ಞೆಯೂ ಹೆಚ್ಚು ದಿನ ನಡೆಯಲಾರದು ಎಂಬುದನ್ನು ಕಾಣಲು ಅಲ್ಲಿ ಅವಕಾಶವಿತ್ತು.

1936ರಲ್ಲಿ ಆತನಿಗೆ ದಕ್ಷಿಣ ಆಫ್ರಿಕದ ಕಡೆಗೆ ವರ್ಗವಾಯಿತು. ಇಂದು ಬೋಟ್ಸ್ವಾನಾ ಎನಿಸಿಕೊಂಡಿರುವ ಬೆಚುವಾನಾಲ್ಯಾಂಡಿಗೆ ಆತನು 1937ರಿಂದ 1942ರವರೆಗೆ ರೆಸಿಡೆಂಟ್ ಕಮಿಷನರ್ ಆಗಿದ್ದನು. ಆತನಿಗೆ ಹಿಂದೆ ಅಲ್ಲಿದ್ದ ಅಧಿಕಾರಿಗೂ ಬಾಮಾಂಗ್ವಾಟೊ ಜನಾಂಗದ ಆಳ್ವಿಕೆ ನಡೆಸುತ್ತಿದ್ದ ಷೆಕೇಡಿ ಖಾಮಾ ಎಂಬ ಮುಖಂಡನಿಗೂ ತೀವ್ರವಾದ ವಿರಸವಿತ್ತು. ಹೊಸ ಕಮಿಷನರನು ಹಳೆಯ ಜಗಳವನ್ನು ಮುಂದುವರಿಸಲಿಲ್ಲ. ಷೆಕೇಡಿಯೊಡನೆ ಕೂಡಿ ಕೆಲಸ ಮಾಡುವ ದಾರಿಯನ್ನು ಹುಡುಕಿದನು. ಆ ಬಳಿಕ, ಇಂದಿನ ಲೆಸೋಥೊ ಆದ ಬಸುಟೋಲ್ಯಾಂಡಿನಲ್ಲಿ 1946ರವರೆಗೆ ಅದೇ ಹುದ್ದೆಯನ್ನು ನಿರ್ವಹಿಸಿದನು. ದಕ್ಷತೆಗೆ ಹೆಸರಾದ ಈ ಅಧಿಕಾರಿಯನ್ನು ಸರ್ಕಾರವು ಆಫ್ರಿಕದಿಂದ ಆಗ್ನೇಯ ಏಷ್ಯಕ್ಕೆ, ಬೋರ್ನಿಯೊ ದ್ವೀಪದ ಸರವಾಕ್ ನಾಡಿಗೆ, ಗವರ್ನರನನ್ನಾಗಿ ಕಳುಹಿಸಿತು.

ಸರವಾಕಿನ ಅಧ್ಯಾಯವು ಆತನ ಬಾಳಿನಲ್ಲಿ ಅಷ್ಟು ಹಿತಕರವಾದುದಲ್ಲ. ಆ ನಾಡನ್ನು 1841ರಿಂದ ಬ್ರೂಕ್ ಎಂಬ ಆಂಗ್ಲ ಮನೆತನದವರು ರಾಜರೆನಿಸಿಕೊಂಡು ಆಳಿದ್ದರು. 1946ರಲ್ಲಿ ಕೊನೆಯ ರಾಜನು ಅದನ್ನು ಬ್ರಿಟಿಷ್ ಸರ್ಕಾರಕ್ಕೆ ಒಪ್ಪಿಸಿಬಿಟ್ಟನು. ತಮ್ಮನ್ನು ಸರಿಯಾಗಿ ಕೇಳದೆ ತಮ್ಮ ನಾಡನ್ನು ಕೈ ಬದಲಾಯಿಸಿದರೆಂದು ಅಲ್ಲಿಯ ಮಲಯ್ ಜನರಲ್ಲಿ ಅನೇಕರು ಸಿಡಿದೆದ್ದರು. ಸರ್ಕಾರಿ ನೌಕರರು ಈ ಚಳವಳಿಯಲ್ಲಿ ಭಾಗವಹಿಸಬಾರದೆಂದು ಆಡಳಿತವು ಸುತ್ತೋಲೆ ಹೊರಡಿಸಿತು. ಅದನ್ನು ಪ್ರತಿಭಟಿಸಿ ಮುನ್ನೂರಕ್ಕೂ ಹೆಚ್ಚು ಮಂದಿ ತಮ್ಮ ಕೆಲಸಕ್ಕೆ ರಾಜೀನಾಮೆಯನ್ನಿತ್ತರು. ಅವರಲ್ಲಿ ಬಹುಮಂದಿ ಶಾಲಾ ಉಪಾಧ್ಯಾಯರು. ಆರ್ಡನ್-ಕ್ಲಾರ್ಕನು ಚಳವಳಿಗೆ ಮಣಿಯಲಿಲ್ಲ. ಆತನು ಸರವಾಕನ್ನು ಬಿಟ್ಟ ಕೆಲವೇ ತಿಂಗಳುಗಳಲ್ಲಿ, 1949ರ ಡಿಸೆಂಬರಿನಲ್ಲಿ, ಆತನ ತರುವಾಯ ಬಂದ ಗವರ್ನರ್ ಡಂಕನ್ ಸ್ಟೂವರ್ಟನು ಸಿಬು ಎಂಬ ಊರಿನಲ್ಲಿ ಇರಿತಕ್ಕೆ ಗುರಿಯಾಗಿ ಪ್ರಾಣ ಬಿಟ್ಟನು. ಜನರ ಮನಸ್ಸನ್ನು ಗೆಲ್ಲದೆ ಉಳಿದ ಆಡಳಿತಕ್ಕೆ ಎಂಥ ಬೆಲೆ ತೆರಬೇಕಾಗುವುದೆಂಬುದಕ್ಕೆ ಅದೊಂದು ದುರಂತ ನಿದರ್ಶನ.

ಅಷ್ಟರಲ್ಲಿ ಆರ್ಡನ್-ಕ್ಲಾರ್ಕನು ಗೋಲ್ಡ್ ಕೋಸ್ಟಿನ ಗವರ್ನರನಾಗಿ ಅಕ್ರಾ ನಗರವನ್ನು ಸೇರಿದ್ದನು. ಆ ನಾಡಿನ ಪರಿಸ್ಥಿತಿಯನ್ನು ಇಲ್ಲಿ ತುಸು ತಿಳಿದುಕೊಳ್ಳುವುದು ಅಗತ್ಯ. ಚಿನ್ನಕ್ಕೆ ಪ್ರಸಿದ್ಧವಾದ ಈ ಕರಾವಳಿಗೆ ಯೂರೋಪಿನ ವರ್ತಕರು ಹದಿನೈದನೆಯ ಶತಮಾನದಿಂದಲೇ ಬರತೊಡಗಿದ್ದರು. ಚಿನ್ನದ ವ್ಯಾಪಾರದ ಹಿಂದೆಯೇ ಗುಲಾಮರ ವ್ಯಾಪಾರವೂ ಬೆಳೆಯಿತು. ಕಡಲ ದಂಡೆಯುದ್ದಕ್ಕೂ ಅವರು ಕಟ್ಟಿದ ಕೋಟೆಗಳು ಇಂದಿಗೂ ಆ ಕ್ರೂರ ಕಥೆಯನ್ನು ಸಾರುತ್ತ ನಿಂತಿವೆ. ಅಕ್ರಾದಲ್ಲಿ ಡೇನರು ಕಟ್ಟಿದ ಕ್ರಿಶ್ಚಿಯನ್ಸ್‌ಬೋರ್ಗ್ ಕೋಟೆ ಅವುಗಳಲ್ಲೊಂದು. 1850ರಲ್ಲಿ ಅದು ಬ್ರಿಟಿಷರ ವಶವಾಗಿ, ಮುಂದೆ ಗವರ್ನರನ ನಿವಾಸವಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಈ ನಾಡು ಕೋಕೋ ಬೆಳೆಯಿಂದ ಸಮೃದ್ಧಿಯನ್ನು ಪಡೆಯಿತು. ಲೋಕದ ಮಕ್ಕಳು ತಿನ್ನುವ ಚಾಕೊಲೇಟಿಗೆ ಬೇಕಾದ ಕೋಕೋದಲ್ಲಿ ದೊಡ್ಡದೊಂದು ಪಾಲು ಇಲ್ಲಿಯ ಸಣ್ಣ ರೈತರ ತೋಟಗಳಿಂದ ಹೋಗುತ್ತಿತ್ತು.

ಎರಡನೆಯ ಮಹಾಯುದ್ಧದಲ್ಲಿ ಈ ನಾಡಿನ ಸೈನಿಕರು ಬರ್ಮಾದ ಕಾಡುಗಳಲ್ಲಿ ಭಾರತೀಯ ಸೈನಿಕರೊಡನೆ ಒಂದೇ ಪಕ್ಷದಲ್ಲಿ ನಿಂತು ಹೋರಾಡಿದರು. ಸ್ವಾತಂತ್ರ್ಯದ ಹೆಸರಿನಲ್ಲಿ ಹೋರಾಡಿ ಮರಳಿದವರಿಗೆ ತಮ್ಮ ಊರಿನಲ್ಲಿ ಕಾಣಿಸಿದುದು ನಿರುದ್ಯೋಗ, ಬೆಲೆಯೇರಿಕೆ. ಕೋಕೋ ಗಿಡಗಳಿಗೆ ತಗುಲಿದ ರೋಗವನ್ನು ತಡೆಯಲು ಸರ್ಕಾರವು ರೈತರ ಗಿಡಗಳನ್ನು ಕಡಿಸುತ್ತಿದ್ದುದು ಅಸಮಾಧಾನವನ್ನು ಹೆಚ್ಚಿಸಿತು. 1947ರಲ್ಲಿ ಭಾರತವು ಸ್ವತಂತ್ರವಾದ ಸುದ್ದಿಯು ಅಲ್ಲಿಯ ವಿದ್ಯಾವಂತರಲ್ಲಿ ಹೊಸ ಆಸೆಯನ್ನು ಹುಟ್ಟಿಸಿತು. 1948ರ ಫೆಬ್ರವರಿ 28ರಂದು ಮಾಜಿ ಸೈನಿಕರು ಮನವಿಯೊಂದನ್ನು ಹಿಡಿದು ಗವರ್ನರನ ಕೋಟೆಯ ಕಡೆಗೆ ಹೊರಟಾಗ ಪೊಲೀಸರು ಗುಂಡು ಹಾರಿಸಿದರು. ಮೂವರು ಮಾಜಿ ಸೈನಿಕರು ಸತ್ತುಬಿದ್ದರು. ಅಕ್ರಾ ನಗರ ಹೊತ್ತಿ ಉರಿಯಿತು. ಗಲಭೆ ಬೇರೆ ಊರುಗಳಿಗೂ ಹರಡಿತು. ಅದು ಅಡಗುವ ವೇಳೆಗೆ 29 ಮಂದಿ ಪ್ರಾಣ ಕಳೆದುಕೊಂಡಿದ್ದರು.

ಗಲಭೆಯ ವಿಚಾರಣೆ ನಡೆಸಿದ ವಾಟ್ಸನ್ ಆಯೋಗವು ಆಡಳಿತದಲ್ಲಿ ದೊಡ್ಡ ಸುಧಾರಣೆಗಳಾಗಬೇಕೆಂದು ಹೇಳಿತು. ಅನಂತರ ನ್ಯಾಯಮೂರ್ತಿ ಕೌಸ್ಸಿಯ ಅಧ್ಯಕ್ಷತೆಯಲ್ಲಿ ಆಫ್ರಿಕನ್ನರೇ ಸದಸ್ಯರಾಗಿದ್ದ ಸಮಿತಿಯೊಂದು ಹೊಸ ಸಂವಿಧಾನದ ರೂಪರೇಖೆಯನ್ನು ಸಿದ್ಧಪಡಿಸತೊಡಗಿತು. ಈ ನಡುವೆ ಕ್ವಾಮೆ ಎನ್‌ಕ್ರೂಮಾ ಎಂಬ ತರುಣ ನಾಯಕನು 1949ರ ಜೂನ್ ತಿಂಗಳಿನಲ್ಲಿ ಕನ್ವೆನ್ಷನ್ ಪೀಪಲ್ಸ್ ಪಕ್ಷವನ್ನು ಸ್ಥಾಪಿಸಿದನು. ಆತನು ಅಮೆರಿಕದಲ್ಲಿ ಬಡತನದೊಡನೆ ಹೆಣಗಿ ಓದಿದವನು. ಗಾಂಧೀಜಿಯವರ ಅಹಿಂಸಾತ್ಮಕ ಹೋರಾಟದಿಂದ ಪ್ರೇರಣೆ ಪಡೆದವನು. ಮಾರುಕಟ್ಟೆಯ ಹೆಂಗಸರು, ಲಾರಿ ಚಾಲಕರು, ಕೂಲಿಗಳು, ಅಲ್ಪಸ್ವಲ್ಪ ಓದಿ ಕೆಲಸವಿಲ್ಲದೆ ಕುಳಿತಿದ್ದ ಯುವಕರು, ಇವರೆಲ್ಲ ಆತನ ಹಿಂದೆ ನಿಂತರು. ಸ್ವರಾಜ್ಯವು ಮುಂದೆಂದೋ ಬರಬೇಕಾದುದಲ್ಲ, ಈಗಲೇ ಬರಬೇಕೆಂಬುದು ಆ ಪಕ್ಷದ ಬೇಡಿಕೆ.

ಆರ್ಡನ್-ಕ್ಲಾರ್ಕನು ಅಕ್ರಾಕ್ಕೆ ಬಂದುದು ಆ ವರ್ಷದ ಆಗಸ್ಟಿನಲ್ಲಿ. ಆತನು ಸ್ವಾತಂತ್ರ್ಯವನ್ನು ಹಂಚಲು ಬಂದ ಉದಾರಿಯೇನೂ ಆಗಿರಲಿಲ್ಲ. ಕೆಟ್ಟಿರುವ ಶಾಂತಿಯನ್ನು ಮತ್ತೆ ನೆಲೆಗೊಳಿಸುವುದು, ಸುಧಾರಣೆಗಳನ್ನು ಕ್ರಮವಾಗಿ ಜಾರಿಗೆ ತರುವುದು, ಇವು ಆತನಿಗೆ ವಹಿಸಿದ್ದ ಕೆಲಸಗಳು. ಕೌಸ್ಸಿ ಸಮಿತಿಯ ಯೋಜನೆ ಸಾಲದೆಂದು ಎನ್‌ಕ್ರೂಮಾ 1950ರ ಜನವರಿಯಲ್ಲಿ ಮುಷ್ಕರ ಮತ್ತು ಅಸಹಕಾರದ ಕರೆಯನ್ನಿತ್ತನು. ಗವರ್ನರನು ತುರ್ತುಪರಿಸ್ಥಿತಿಯನ್ನು ಘೋಷಿಸಿದನು. ಪಕ್ಷದ ನಾಯಕರು ಒಬ್ಬೊಬ್ಬರಾಗಿ ಸೆರೆಯಾದರು. ಎನ್‌ಕ್ರೂಮಾನಿಗೆ ಒಂದೊಂದು ವರ್ಷದಂತೆ ಮೂರು ಶಿಕ್ಷೆಗಳು ಒಟ್ಟು ಮೂರು ವರ್ಷಗಳ ಅವಧಿಗೆ ಬಿದ್ದವು. ಆತನನ್ನು ಅಕ್ರಾದ ಜೇಮ್ಸ್ ಫೋರ್ಟ್ ಸೆರೆಮನೆಯಲ್ಲಿ ಸಾಮಾನ್ಯ ಕೈದಿಗಳ ನಡುವೆ ಇರಿಸಲಾಯಿತು. ಇಷ್ಟಕ್ಕೆ ಆ ಚಳವಳಿ ಮುಗಿಯಿತೆಂದೇ ಅನೇಕ ಅಧಿಕಾರಿಗಳು ಭಾವಿಸಿದರು.

ಆದರೆ ಸೆರೆಮನೆಯ ಗೋಡೆಗಳು ಜನನಾಯಕನನ್ನು ಜನರಿಂದ ದೂರ ಮಾಡಲಾರವು. ಬರೆಯಲು ಕಾಗದವಿಲ್ಲದೆ ಎನ್‌ಕ್ರೂಮಾನು ಶೌಚಕ್ಕೆಂದು ಕೊಟ್ಟ ಕಾಗದದ ಚೂರುಗಳ ಮೇಲೆ ಗುಟ್ಟಾಗಿ ಬರೆದು ಪಕ್ಷಕ್ಕೆ ಸೂಚನೆಗಳನ್ನು ಕಳುಹಿಸುತ್ತಿದ್ದನು. ಹೊಸ ಸಂವಿಧಾನದಂತೆ 1951ರ ಫೆಬ್ರವರಿ 8ರಂದು ಮಹಾಚುನಾವಣೆ ನಡೆಯಿತು. ಒಂದು ವರ್ಷಕ್ಕೆ ಮೀರಿದ ಶಿಕ್ಷೆಯನ್ನು ಪಡೆದವನು ಸ್ಪರ್ಧಿಸುವಂತಿರಲಿಲ್ಲ. ಎನ್‌ಕ್ರೂಮಾನ ಒಂದೊಂದು ಶಿಕ್ಷೆಯೂ ಒಂದು ವರ್ಷವನ್ನು ಮೀರಿರಲಿಲ್ಲವಾದುದರಿಂದ ಆತನು ಸೆರೆಯಲ್ಲಿದ್ದೇ ಅಭ್ಯರ್ಥಿಯಾದನು. ಫಲಿತಾಂಶ ಹೊರಬಿದ್ದಾಗ ಎಲ್ಲರೂ ಬೆರಗಾದರು. ಅಕ್ರಾ ನಗರದ ಕ್ಷೇತ್ರದಲ್ಲಿ ಬಿದ್ದ 23,122 ಮತಗಳಲ್ಲಿ 22,780 ಮತಗಳು ಎನ್‌ಕ್ರೂಮಾನಿಗೆ ಸಂದಿದ್ದವು. ಸಾರ್ವಜನಿಕ ಚುನಾವಣೆಗೆ ತೆರೆದಿದ್ದ 38 ಸ್ಥಾನಗಳಲ್ಲಿ 34ನ್ನು ಆತನ ಪಕ್ಷವೇ ಗೆದ್ದಿತ್ತು.

ಈಗ ಗವರ್ನರನ ಮುಂದೆ ಎರಡು ದಾರಿಗಳಿದ್ದವು. ನ್ಯಾಯಾಲಯವು ವಿಧಿಸಿದ ಶಿಕ್ಷೆ ಇನ್ನೂ ಮುಗಿದಿಲ್ಲವೆಂದು ಎನ್‌ಕ್ರೂಮಾನನ್ನು ಸೆರೆಯಲ್ಲಿಯೇ ಇರಿಸಿ, ಬೇರೆ ಯಾರನ್ನಾದರೂ ಕರೆದು ಸರ್ಕಾರ ರಚಿಸುವುದು ಒಂದು. ಕಾನೂನಿನ ಅಕ್ಷರವು ಅದಕ್ಕೆ ಅಡ್ಡಬರುತ್ತಿರಲಿಲ್ಲ. ಹಾಗೆ ಮಾಡಿದ್ದರೆ ಆತನ ಹಿಂದಿನ ಆಜ್ಞೆಯ ಮರ್ಯಾದೆಯೂ ಉಳಿಯುತ್ತಿತ್ತು. ಬಂಡಾಯಗಾರನೆಂದು ತಾನೇ ಸೆರೆಗೆ ಕಳುಹಿಸಿದವನನ್ನು ಬಿಡುಗಡೆ ಮಾಡಿ, ಸರ್ಕಾರದ ಚುಕ್ಕಾಣಿಯನ್ನು ಅವನಿಗೆ ಒಪ್ಪಿಸುವುದು ಇನ್ನೊಂದು. ಹಾಗೆ ಮಾಡಿದರೆ ಬಿಳಿಯ ಅಧಿಕಾರಿಗಳ ಕಣ್ಣಿನಲ್ಲಿ ಸರ್ಕಾರವು ಹಗುರವಾಗುವ ಭಯವಿತ್ತು. ಆಫ್ರಿಕದ ಬೇರೆ ವಸಾಹತುಗಳಲ್ಲಿದ್ದ ಬಿಳಿಯರ ಕೋಪಕ್ಕೆ ಗುರಿಯಾಗುವ ಭಯವೂ ಇತ್ತು.

ಆರ್ಡನ್-ಕ್ಲಾರ್ಕನು ಹೆಚ್ಚು ದಿನ ಯೋಚಿಸಲಿಲ್ಲ. ಜನಸಮೂಹವು ಯಾರ ಹಿಂದೆ ಇದೆಯೆಂಬುದನ್ನು ಮತಪೆಟ್ಟಿಗೆ ಹೇಳಿಬಿಟ್ಟಿತ್ತು. ಎನ್‌ಕ್ರೂಮಾನನ್ನು ಬಿಟ್ಟು ಸರ್ಕಾರ ರಚಿಸಿದರೆ ಹೊಸ ಸಂವಿಧಾನವು ಹುಟ್ಟುತ್ತಲೇ ಸಾಯುವುದೆಂದು ಆತನು ಕಂಡುಕೊಂಡನು. ಚುನಾವಣೆಯಾಗಿ ನಾಲ್ಕನೆಯ ದಿನ, ಫೆಬ್ರವರಿ 12ರಂದು, ಎನ್‌ಕ್ರೂಮಾನು ಸೆರೆಮನೆಯಿಂದ ಹೊರಬಂದನು. ಹೊರಗೆ ಜನಸಾಗರವೇ ನೆರೆದಿತ್ತು. ಮರುದಿನ ಗವರ್ನರನ ಕರೆಯ ಮೇರೆಗೆ ಆತನು ಕ್ರಿಶ್ಚಿಯನ್ಸ್‌ಬೋರ್ಗ್ ಕೋಟೆಗೆ ಹೋದನು. ಸೆರೆಗೆ ಕಳುಹಿಸಿದವನೂ ಸೆರೆಯಲ್ಲಿದ್ದವನೂ ಎದುರುಬದುರಾಗಿ ಕುಳಿತ ಗಳಿಗೆ ಅದು. ಒಬ್ಬರನ್ನೊಬ್ಬರು ಕೇವಲ ಕೇಳಿ ತಿಳಿದಿದ್ದರು. ಕೇಳಿದುದೆಲ್ಲ ಒಳ್ಳೆಯದೇನೂ ಆಗಿರಲಿಲ್ಲ. ಇಬ್ಬರಲ್ಲಿಯೂ ಸಂಶಯವಿತ್ತು. ಆದರೂ ಗವರ್ನರನು ಸರ್ಕಾರ ರಚಿಸುವಂತೆ ಆಹ್ವಾನವನ್ನಿತ್ತನು, ಎನ್‌ಕ್ರೂಮಾನು ಒಪ್ಪಿಕೊಂಡನು.

ಮುಂದಿನ ಆರು ವರ್ಷಗಳು ಇಬ್ಬರಿಗೂ ಪರೀಕ್ಷೆಯ ಕಾಲ. ಮೊದಲು ಹಣಕಾಸು, ನ್ಯಾಯ, ರಕ್ಷಣೆ ಈ ಮೂರು ಖಾತೆಗಳು ಬ್ರಿಟಿಷ್ ಅಧಿಕಾರಿಗಳ ಕೈಯಲ್ಲಿದ್ದವು. ಸಚಿವರ ಸಭೆಗೆ ಗವರ್ನರನೇ ಅಧ್ಯಕ್ಷನಾಗಿದ್ದನು. ಸಚಿವರು ಆಡಳಿತಕ್ಕೆ ಹೊಸಬರು. ಅಧಿಕಾರಿಗಳು ಆಜ್ಞೆ ಮಾಡಿ ರೂಢಿಯಾದವರು. ಜನರು ಆರಿಸಿದ ಸಚಿವರ ಆಜ್ಞೆಯನ್ನು ಪಾಲಿಸಿ ರೂಢಿಯಿಲ್ಲದವರು. ಇವರಿಬ್ಬರನ್ನೂ ಒಂದೇ ಬಂಡಿಗೆ ಹೂಡಿ ನಡೆಸುವ ಹೊಣೆ ಗವರ್ನರನದಾಗಿತ್ತು. ಎನ್‌ಕ್ರೂಮಾನೂ ತನ್ನ ಪಕ್ಷದ ಉಗ್ರರನ್ನು ತಡೆದು, ಒಂದೊಂದೇ ಮೆಟ್ಟಿಲನ್ನು ಏರುವ ತಾಳ್ಮೆಯನ್ನು ತೋರಿಸಿದನು. 1952ರ ಮಾರ್ಚಿನಲ್ಲಿ ಆತನಿಗೆ ಪ್ರಧಾನಮಂತ್ರಿಯ ಪದವಿ ಬಂದಿತು. 1954ರಲ್ಲಿ ವಿಧಾನಸಭೆಯ 104 ಸ್ಥಾನಗಳಿಗೂ ನೇರ ಚುನಾವಣೆ ನಡೆದು, ಆಫ್ರಿಕನ್ನರೇ ತುಂಬಿದ ಸಚಿವ ಸಂಪುಟವು ಅಧಿಕಾರಕ್ಕೆ ಬಂದಿತು. ಗವರ್ನರನ ಅಧಿಕಾರವು ವರ್ಷ ವರ್ಷಕ್ಕೂ ಕುಗ್ಗುತ್ತ ಹೋಯಿತು. ಅದನ್ನು ಕುಗ್ಗಿಸುವ ಕೆಲಸದಲ್ಲಿ ಆತನೇ ಮುಂದಾಳಾಗಿದ್ದನು.

ದಾರಿಯು ಕೊನೆಯವರೆಗೂ ಸುಗಮವಾಗಿರಲಿಲ್ಲ. ಹೊರದೇಶಗಳಲ್ಲಿ ಕೋಕೋಗೆ ಒಳ್ಳೆಯ ಬೆಲೆಯಿದ್ದರೂ ಸರ್ಕಾರವು ರೈತರಿಗೆ ಕಡಿಮೆ ಬೆಲೆಯನ್ನು ಗೊತ್ತುಪಡಿಸಿತೆಂದು ಅಶಾಂಟಿ ಪ್ರಾಂತದಲ್ಲಿ ಕೋಪ ಉಕ್ಕಿತು. 1954ರ ಸೆಪ್ಟೆಂಬರಿನಲ್ಲಿ ಅಲ್ಲಿ ಹೊಸ ಪಕ್ಷವೊಂದು ಹುಟ್ಟಿ, ಪ್ರಾಂತಗಳಿಗೆ ಹೆಚ್ಚು ಅಧಿಕಾರವಿರುವ ಒಕ್ಕೂಟ ವ್ಯವಸ್ಥೆಯನ್ನು ಕೇಳಿತು. ಮರುವರ್ಷ ಗವರ್ನರನು ಅಶಾಂಟಿಯ ಮುಖ್ಯ ನಗರವಾದ ಕುಮಾಸಿಗೆ ಹೋದಾಗ ಉದ್ರಿಕ್ತರಾದ ಜನರು ಆತನ ಕಾರಿನ ಮೇಲೆ ಕಲ್ಲು ತೂರಿದರು. ಎನ್‌ಕ್ರೂಮಾನ ಪಕ್ಷಪಾತಿಯೆಂಬುದು ಆತನ ಮೇಲಿದ್ದ ಆರೋಪ. ಐದು ವರ್ಷಗಳ ಹಿಂದೆ ಎನ್‌ಕ್ರೂಮಾನ ಬೆಂಬಲಿಗರಿಂದ ಬೈಸಿಕೊಂಡವನು ಈಗ ಆತನ ವಿರೋಧಿಗಳ ಕಲ್ಲಿಗೆ ಗುರಿಯಾದನು. ಆದರೂ ಸಂಧಾನದ ಪ್ರಯತ್ನ ನಿಲ್ಲಲಿಲ್ಲ. ಭಾರತದಲ್ಲಿ ಸೇವೆ ಸಲ್ಲಿಸಿದ್ದ ಸರ್ ಫ್ರೆಡರಿಕ್ ಬೋರ್ನನನ್ನು ಸಂವಿಧಾನದ ಸಲಹೆಗಾರನನ್ನಾಗಿ ಕರೆಸಲಾಯಿತು. ಸ್ವಾತಂತ್ರ್ಯಕ್ಕೆ ಮುಂಚೆ ಜನರ ಅಭಿಪ್ರಾಯವನ್ನು ಇನ್ನೊಮ್ಮೆ ತಿಳಿಯಬೇಕೆಂದು ಬ್ರಿಟಿಷ್ ಸರ್ಕಾರವು ನಿರ್ಧರಿಸಿತು. 1956ರ ಜುಲೈ ಚುನಾವಣೆಯಲ್ಲಿ ಎನ್‌ಕ್ರೂಮಾನ ಪಕ್ಷವು 104ರಲ್ಲಿ 71 ಸ್ಥಾನಗಳನ್ನು ಗಳಿಸಿತು. ಸೆಪ್ಟೆಂಬರಿನಲ್ಲಿ ಗವರ್ನರನು ಎನ್‌ಕ್ರೂಮಾನನ್ನು ಕರೆಸಿ, ಸ್ವಾತಂತ್ರ್ಯದ ದಿನವು ನಿಶ್ಚಯವಾಯಿತೆಂಬ ಸುದ್ದಿಯನ್ನು ತಿಳಿಸಿದನು.

ಆ ದಿನವು 1957ರ ಮಾರ್ಚ್ 6. ಸರಿಯಾಗಿ 113 ವರ್ಷಗಳ ಹಿಂದೆ, 1844ರ ಮಾರ್ಚ್ 6ರಂದು, ಕರಾವಳಿಯ ಮುಖಂಡರು ಬ್ರಿಟಿಷರ ನ್ಯಾಯಾಧಿಕಾರವನ್ನು ಒಪ್ಪಿ ಕರಾರಿಗೆ ಸಹಿ ಹಾಕಿದ್ದರು. ನಡುರಾತ್ರಿಯಲ್ಲಿ ಬ್ರಿಟಿಷ್ ಧ್ವಜವು ಕೆಳಗಿಳಿದು, ಕೆಂಪು, ಹಳದಿ, ಹಸುರು ಬಣ್ಣಗಳ ನಡುವೆ ಕರಿಯ ನಕ್ಷತ್ರವುಳ್ಳ ಹೊಸ ಧ್ವಜವು ಮೇಲೇರಿತು. ಎನ್‌ಕ್ರೂಮಾನೂ ಆತನ ಸಂಗಾತಿಗಳೂ ಸೆರೆವಾಸದ ನೆನಪಿಗೆಂದು ಧರಿಸಿದ್ದ ಟೋಪಿಗಳ ಮೇಲೆ ಪಿ. ಜಿ. ಎಂಬ ಅಕ್ಷರಗಳಿದ್ದವು. ಪ್ರಿಸನ್ ಗ್ರಾಜುಯೇಟ್, ಎಂದರೆ ಸೆರೆಮನೆಯ ಪದವೀಧರರು, ಎಂದು ಅದರ ಅರ್ಥ. ಆ ಪದವಿಗೆ ಕಾರಣನಾದ ಗವರ್ನರನೂ ಆ ಸಂಭ್ರಮದಲ್ಲಿ ಪಾಲುಗೊಂಡಿದ್ದನು. ಹೊಸ ರಾಷ್ಟ್ರದ ಕೋರಿಕೆಯಂತೆ ಆತನು ಕೆಲವು ವಾರಗಳ ಕಾಲ ಘಾನಾದ ಮೊದಲನೆಯ ಗವರ್ನರ್ ಜನರಲ್ ಆಗಿದ್ದು ಆ ವರ್ಷವೇ ತನ್ನ ದೇಶಕ್ಕೆ ಮರಳಿದನು. ಆತನ ಸ್ಥಾನಕ್ಕೆ ಬಂದ ಲಾರ್ಡ್ ಲಿಸ್ಟೋವೆಲನು 1947ರಲ್ಲಿ ಲಂಡನ್ನಿನಲ್ಲಿ ಭಾರತದ ವ್ಯವಹಾರಗಳ ಕೊನೆಯ ಸಚಿವನಾಗಿದ್ದವನೆಂಬುದು ನಮಗೆ ಕುತೂಹಲದ ಸಂಗತಿ.

ಆರ್ಡನ್-ಕ್ಲಾರ್ಕನು 1962ರ ಡಿಸೆಂಬರಿನಲ್ಲಿ ಕಾಲವಾದನು. ಅಷ್ಟರಲ್ಲಿ ಘಾನಾದ ಬಾನಿನಲ್ಲಿ ಮೋಡಗಳು ಕವಿಯತೊಡಗಿದ್ದವು. ವಿಚಾರಣೆಯಿಲ್ಲದೆ ಜನರನ್ನು ಸೆರೆಯಲ್ಲಿಡುವ ಕಾನೂನನ್ನು ಎನ್‌ಕ್ರೂಮಾನ ಸರ್ಕಾರವು 1958ರಲ್ಲಿಯೇ ಜಾರಿಗೆ ತಂದಿತ್ತು. 1964ರಲ್ಲಿ ಅಲ್ಲಿ ಒಂದೇ ಪಕ್ಷದ ಆಳ್ವಿಕೆ ಸ್ಥಾಪಿತವಾಯಿತು. ಸ್ವಾತಂತ್ರ್ಯ ಹೋರಾಟದ ಹಿರಿಯ ನಾಯಕನಾದ ಡಾಂಕ್ವಾ 1965ರಲ್ಲಿ ಸ್ವತಂತ್ರ ಘಾನಾದ ಸೆರೆಮನೆಯಲ್ಲಿಯೇ ಸತ್ತನು. ಮರುವರ್ಷ ಸೈನ್ಯವು ಎನ್‌ಕ್ರೂಮಾನನ್ನು ಪದಚ್ಯುತಗೊಳಿಸಿತು. ಸೆರೆಮನೆಯಿಂದ ಅಧಿಕಾರಕ್ಕೆ ಬಂದವನೇ ಅಧಿಕಾರವನ್ನು ಬಿಗಿಯಾಗಿ ಹಿಡಿದುಕೊಂಡಾಗ ಏನಾಗುವುದೆಂಬುದನ್ನು ಇತಿಹಾಸವು ಹೀಗೆ ತೋರಿಸಿತು.

ಘಾನಾಕ್ಕೆ ಸ್ವಾತಂತ್ರ್ಯವನ್ನು ಆರ್ಡನ್-ಕ್ಲಾರ್ಕನು ದಾನ ಮಾಡಿದನೆಂದು ಹೇಳುವುದು ತಪ್ಪಾಗುತ್ತದೆ. ಅದನ್ನು ಗಳಿಸಿದವರು ಆ ನಾಡಿನ ಜನರು. ಗುಂಡೇಟಿಗೆ ಬಲಿಯಾದ ಮಾಜಿ ಸೈನಿಕರು, ಮುಷ್ಕರ ಹೂಡಿದ ಕಾರ್ಮಿಕರು, ಸೆರೆಮನೆಯನ್ನು ಸೇರಿದ ತರುಣರು. ಸರವಾಕಿನಲ್ಲಿ ಜನರ ದನಿಗೆ ಮಣಿಯದವನೂ, ಅಕ್ರಾದಲ್ಲಿ ಜನನಾಯಕರನ್ನು ಸೆರೆಗೆ ಅಟ್ಟಿದವನೂ ಇದೇ ಗವರ್ನರನೆಂಬುದನ್ನು ಮರೆಯಲಾಗದು. ಆದರೆ ಮತಪೆಟ್ಟಿಗೆಯ ತೀರ್ಪು ತನ್ನ ಎಣಿಕೆಗೆ ವಿರುದ್ಧವಾಗಿ ಬಂದಾಗ ಆತನು ಹಟವನ್ನು ಹಿಡಿಯಲಿಲ್ಲ. ತಾನು ಹಾಕಿಸಿದ ಬೀಗವನ್ನು ತಾನೇ ತೆಗೆಸಿದನು. ಆಮೇಲೆ ಆರು ವರ್ಷಗಳ ಕಾಲ ತನ್ನ ಕುರ್ಚಿಯನ್ನು ಇತರರಿಗೆ ಬಿಟ್ಟುಕೊಡುವ ಕೆಲಸವನ್ನು ನಿಷ್ಠೆಯಿಂದ ಮಾಡಿದನು. ಸಾಮ್ರಾಜ್ಯಗಳು ಕುಸಿದುಬೀಳುವಾಗ ರಕ್ತದ ಹೊಳೆ ಹರಿಯುವುದನ್ನು ಆ ಶತಮಾನವು ಅನೇಕ ನಾಡುಗಳಲ್ಲಿ ಕಂಡಿತು. ಗೋಲ್ಡ್ ಕೋಸ್ಟಿನಲ್ಲಿ ಅಧಿಕಾರವು ಕೈಯಿಂದ ಕೈಗೆ ಶಾಂತಿಯಿಂದ ಸಾಗಿದುದರಲ್ಲಿ ಈ ಗವರ್ನರನ ವಿವೇಕಕ್ಕೂ ಒಂದು ಪಾಲು ಸಲ್ಲಬೇಕು.